ಮಾತು ನಿಂತ ಮನೆಯಲ್ಲಿ ಸಂಜೆದೀಪ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಡಿಕೇರಿಯ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಆ ಮಹಿಳೆ ಬಂದದ್ದು ಕಾಫಿ ಕೊಯ್ಲಿನ ನಡುವೆ. ಭಾಗಮಂಡಲದ ಕಡೆಯವರು, ವಯಸ್ಸು 54. ಗಂಡನಿಗೆ ಪಾರ್ಶ್ವವಾಯು ಬಡಿದು 14 ತಿಂಗಳಾಗಿತ್ತು. ಬಲಗೈ ಅಷ್ಟಿಷ್ಟು ಚೇತರಿಸಿದ್ದರೂ ಮಾತು ಮರಳಿರಲಿಲ್ಲ.

"ದಿನವೂ ದೀಪ ಹಚ್ಚಿ ಒಂದೇ ಕೇಳುತ್ತೇನೆ ಮೇಡಂ, ಅವರು ಒಮ್ಮೆ ನನ್ನ ಹೆಸರು ಕರೆಯಲಿ ಎಂದು. ಕಾವೇರಮ್ಮನಿಗೆ ಕಿವಿ ಇಲ್ಲವೇ?"

ತುಲಾ ಸಂಕ್ರಮಣದಂದು ತಲಕಾವೇರಿಯಿಂದ ತಂದ ತೀರ್ಥವನ್ನು ಗಂಡನ ನಾಲಿಗೆಗೆ ಸವರುತ್ತಿದ್ದರು. ಕಕ್ಕಬೆಯ ಪಾಡಿ ಇಗ್ಗುತ್ತಪ್ಪನಿಗೆ ಹರಕೆ ಹೊತ್ತಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ವಾರಕ್ಕೆ ಎರಡು ಉಪವಾಸ ಬೇರೆ. ನಾದಿನಿಯೊಬ್ಬರು "ನಿನ್ನ ಭಕ್ತಿಯಲ್ಲೇ ಎಲ್ಲೋ ಕೊರತೆ" ಎಂದಿದ್ದರಂತೆ. ಇಂಥ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ವೃತ್ತಿಗೆ ಒಪ್ಪದಿದ್ದರೂ ಬರುತ್ತದೆ.

ಭಾಗಮಂಡಲದ ಸಂಗಮದಲ್ಲಿ ಕಣ್ಣಿಗೆ ಕಾಣದೆ ಹರಿಯುತ್ತದೆಂದು ನಂಬುವ ಸುಜ್ಯೋತಿ ನದಿಯ ಹೋಲಿಕೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಊರಿನವರಿಗೆ ಅದನ್ನು ನಾನು ಹೇಳಬೇಕೇ? ಬದಲಿಗೆ, ಬದುಕು ಬೇಡವೆನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. "ಇಲ್ಲ. ಅವರಿಗೆ ಉಣಿಸುವವರು ಯಾರು?" ಎಂದರು.

"ಗಂಡನ ಜೊತೆ ಏನು ಮಾತನಾಡುತ್ತೀರಿ ಅಕ್ಕ?"

"ಎಲ್ಲವನ್ನೂ. ಮೆಣಸಿನ ಬಳ್ಳಿ ಸೊರಗಿದ್ದು, ಆನೆ ಬೈನೆಮರ ಉರುಳಿಸಿದ್ದು."

"ಉತ್ತರ ಬರುವುದಿಲ್ಲವಲ್ಲ?"

"ಕೇಳಿಸುತ್ತದಲ್ಲ ಅವರಿಗೆ," ಎಂದವರು ಸುಮ್ಮನಾದರು. ನಾನೂ ಏನೂ ಸೇರಿಸಲಿಲ್ಲ.

ಬಲಗೈಯ ಜೊತೆಗೆ ಮಾತೂ ಹೋಯಿತೆಂದರೆ ಪೆಟ್ಟು ಬಿದ್ದದ್ದು ಸಾಮಾನ್ಯವಾಗಿ ಎಡಮಿದುಳಿಗೆ. ಹೀಗೆ ಮಾತು ಹೋಗುವುದಕ್ಕೆ ಅಫೇಸಿಯಾ ಎನ್ನುತ್ತಾರೆ. ಸುಧಾರಣೆ ಮೊದಲ ತಿಂಗಳುಗಳಲ್ಲಿ ಹೆಚ್ಚು. ವರ್ಷ ಕಳೆದ ಮೇಲೂ ನಿಧಾನವಾಗಿ ಆಗಬಹುದು. 'ನೀರು' ಎನ್ನಲಾಗದವರೂ ಬಾಯಿಪಾಠವಾದ ಹಾಡನ್ನೋ ಪ್ರಾರ್ಥನೆಯನ್ನೋ ಕೆಲವೊಮ್ಮೆ ಹೇಳಬಲ್ಲರು. ಆದರೆ ಇವರು ವಾಕ್ ಚಿಕಿತ್ಸಕರನ್ನು ಕಂಡೇ ಇರಲಿಲ್ಲ! ಮೊದಲು ಅಲ್ಲಿಗೆ ಕಳುಹಿಸಿದೆ. ಉಪವಾಸದ ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ಹೇಳಿದೆ: ವೈದ್ಯರನ್ನು ಕೇಳದೆ ಬೇಡ.

ಪ್ರಾರ್ಥನೆ ಬಿಡಿ ಎನ್ನಲಿಲ್ಲ, ಫಲಿಸುತ್ತದೆ ಎಂದೂ ಹೇಳಲಿಲ್ಲ. ಎರಡೂ ನನ್ನ ಅಧಿಕಾರದ ಮಾತಲ್ಲ. ದೇವರ ಮೇಲೆ ಕೋಪವಿದ್ದರೆ ಅದನ್ನೂ ದೀಪದ ಮುಂದೆಯೇ ಹೇಳಿ, ಒಳಗಿಟ್ಟುಕೊಳ್ಳಬೇಡಿ ಎಂದೆ. ಮನೆಯ ಹಳೆಯ ಭಜನೆಯನ್ನು ಗಂಡನ ಪಕ್ಕ ಕುಳಿತು ನಿಧಾನವಾಗಿ ಹಾಡಿ, ಸಾಲಿನ ಕೊನೆಯ ಪದ ಅವರಿಗೆ ಬಿಡಿ. ಬಾರದಿದ್ದರೆ ನೀವೇ ಮುಗಿಸಿ, ಪರೀಕ್ಷೆ ಮಾಡಬೇಡಿ ಎಂದೂ ತಿಳಿಸಿದೆ.

ಮೂರನೆಯ ಭೇಟಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರ. ಒಂದು ಸಂಜೆ ದೀಪ ಹಚ್ಚದೆ ಕಾವೇರಮ್ಮನೊಡನೆ ಜಗಳವಾಡಿದ್ದರಂತೆ. ಭಜನೆಯಲ್ಲಿ ಎರಡು ಪದ ಗಂಡನ ಬಾಯಿಂದ ಬಂದಿವೆ. ಇವರ ಹೆಸರು ಇನ್ನೂ ಬಂದಿಲ್ಲ.

ಮಾತು ಮುಗಿಯುವ ಮೊದಲೇ ಗಡಿಯಾರ ನೋಡಿದರು. "ಆರರೊಳಗೆ ಸೇರಬೇಕು ಮೇಡಂ. ದೀಪದ ಹೊತ್ತಾದರೆ ಅವರು ಬಾಗಿಲನ್ನೇ ನೋಡುತ್ತಿರುತ್ತಾರೆ," ಎಂದು ಬಸ್ಸಿಗೆ ಹೊರಟರು.