ರೋಮ್‌ನಿಂದ ಅಥೆನ್ಸ್‌ಗೆ ಮೂರು ಗಂಟೆ, ಮರಳಲು ಒಂದೇ ಗಂಟೆಯೇ?

ಪ್ರಶ್ನೆ: ಬರುವ ಮೇ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಇಟಲಿ ಮತ್ತು ಗ್ರೀಸ್ ಪ್ರವಾಸಕ್ಕೆ ಹೊರಟಿದ್ದೇವೆ. ಟಿಕೆಟ್ಟಿನಲ್ಲಿರುವಂತೆ ರೋಮ್‌ನಿಂದ ಬೆಳಿಗ್ಗೆ 10ಕ್ಕೆ ಹೊರಡುವ ವಿಮಾನ ಅಥೆನ್ಸ್ ತಲುಪುವುದು ಮಧ್ಯಾಹ್ನ 1 ಗಂಟೆಗೆ. ಮರಳುವಾಗಲಾದರೋ 10ಕ್ಕೆ ಹೊರಟು 11 ಗಂಟೆ 10 ನಿಮಿಷಕ್ಕೇ ರೋಮ್‌ನಲ್ಲಿ ಇಳಿಯುತ್ತದೆ. ಇದು ಹೇಗೆ ಸಾಧ್ಯ? ಈ ಊರುಗಳ ನಡುವಿನ ದೂರವೆಷ್ಟು? ಹಡಗಿನಲ್ಲಿ ಹೋಗಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಟಿಕೆಟ್ಟಿನಲ್ಲಿ ತಪ್ಪಿಲ್ಲ. ಹೊರಡುವ ವೇಳೆಯನ್ನು ಹೊರಡುವ ಊರಿನ ಗಡಿಯಾರದಂತೆಯೂ ತಲುಪುವ ವೇಳೆಯನ್ನು ತಲುಪುವ ಊರಿನ ಗಡಿಯಾರದಂತೆಯೂ ನಮೂದಿಸುವುದು ವಿಮಾನಯಾನದ ರೂಢಿ. ಗ್ರೀಸ್‌ನ ಗಡಿಯಾರ ಇಟಲಿಗಿಂತ ಒಂದು ಗಂಟೆ ಮುಂದಿರುವುದರಿಂದ, ಅಥೆನ್ಸ್‌ನಲ್ಲಿ ಮಧ್ಯಾಹ್ನ 1 ಆದಾಗ ರೋಮ್‌ನಲ್ಲಿ ಇನ್ನೂ 12 ಗಂಟೆ. ಹಾಗಾಗಿ ಹೋಗುವಾಗ ಹಿಡಿಯುವುದು 2 ಗಂಟೆ, ಬರುವಾಗ 2 ಗಂಟೆ 10 ನಿಮಿಷ. ದೇಶವಿಡೀ ಒಂದೇ ಸಮಯ ಪಾಲಿಸುವ ನಮಗೆ ಬೆಂಗಳೂರಿನಿಂದ ದೆಹಲಿಗೆ ಹೋಗುವಾಗ ಈ ಲೆಕ್ಕದ ಗೋಜೇ ಇರುವುದಿಲ್ಲ. ಬೇಸಿಗೆಯಲ್ಲಿ ಎರಡೂ ದೇಶಗಳು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತವೆಯಾದರೂ, ಅದು ಏಕಕಾಲಕ್ಕೆ ನಡೆಯುವುದರಿಂದ ಅವುಗಳ ನಡುವಿನ ಅಂತರ ಮೇ ತಿಂಗಳಲ್ಲೂ ಅಷ್ಟೇ ಇರುತ್ತದೆ.

ಉಳಿದ ಹತ್ತು ನಿಮಿಷಕ್ಕೆ ಮುಖ್ಯ ಕಾರಣ ಗಾಳಿ. ಈ ಅಕ್ಷಾಂಶದಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅಥೆನ್ಸ್‌ಗೆ ಹೋಗುವ ವಿಮಾನವನ್ನು ಅದು ಹಿಂದಿನಿಂದ ನೂಕಿದರೆ, ಮರಳುವ ವಿಮಾನಕ್ಕೆ ಎದುರಾಗುತ್ತದೆ.

ರೋಮ್‌ನ ಫಿಯುಮಿಚೀನೊ ನಿಲ್ದಾಣದಿಂದ ಅಥೆನ್ಸ್ ನಿಲ್ದಾಣಕ್ಕೆ ನೇರ ಆಕಾಶಮಾರ್ಗದಲ್ಲಿ ಸುಮಾರು 1,080 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ವಿಮಾನಕ್ಕೆ ಇಷ್ಟು ಹೊತ್ತೇಕೆ ಎಂದು ನೀವು ಕೇಳಬಹುದು. ಮೇಲೇರುವಾಗಲೂ ಇಳಿಯುವಾಗಲೂ ಆ ವೇಗವಿರುವುದಿಲ್ಲ. ಮೇಲಾಗಿ, ಟಿಕೆಟ್ಟಿನ ಅವಧಿಯಲ್ಲಿ ವಿಮಾನ ನಿಂತ ಜಾಗ ಬಿಟ್ಟು ರನ್‌ವೇಗೆ ಸಾಗುವ, ಸರದಿಗಾಗಿ ಕಾಯುವ, ಇಳಿದ ಮೇಲೆ ತಂಗುವ ಜಾಗಕ್ಕೆ ಬರುವ ಹೊತ್ತೂ ಸೇರಿರುತ್ತದೆ. ನೀವು ಆಕಾಶದಲ್ಲಿರುವುದು ಸುಮಾರು ಒಂದೂವರೆ ಗಂಟೆ ಮಾತ್ರ.

ಗಡಿಯಾರ ಮುಂದಕ್ಕೆ ಹೋಗುವುದರಿಂದ ತೊಂದರೆಯಾಗುವುದು ಅದೇ ದಿನ ಪಿರಯಸ್ ಬಂದರಿನಿಂದ ದ್ವೀಪಗಳ ಹಡಗು ಹಿಡಿಯುವವರಿಗೆ. ವಿಮಾನ ನಿಲ್ದಾಣದಿಂದ ಪಿರಯಸ್‌ಗೆ ನೇರ ಮೆಟ್ರೊ ಇದ್ದರೂ ಸುಮಾರು ಒಂದು ಗಂಟೆ ಬೇಕು. ಸಾಮಾನು ಪಡೆಯುವ ಹೊತ್ತನ್ನೂ ಸೇರಿಸಿದರೆ, ಮಧ್ಯಾಹ್ನ 3ರ ಹಡಗಿಗೆ ಟಿಕೆಟ್ ಮಾಡಿಸುವುದು ಜಾಣತನವಲ್ಲ.

ರೋಮ್‌ನಿಂದಲೂ ಹಡಗಿನ ದಾರಿ ಉಂಟು. ರೈಲಿನಲ್ಲಿ ನಾಲ್ಕು ಗಂಟೆ ಪಯಣಿಸಿ ಇಟಲಿಯ ‘ಬಾರಿ’ ಎಂಬ ಊರಿನ ಬಂದರು ಸೇರಿ, ಅಲ್ಲಿ ಸಂಜೆ ಹಡಗೇರಿದರೆ ಮರುದಿನ ಗ್ರೀಸ್‌ನ ಪತ್ರಾಸ್‌ನಲ್ಲಿ ಇಳಿಯಬಹುದು. ಅಲ್ಲಿಂದ ಅಥೆನ್ಸ್‌ಗೆ ಬಸ್ಸಿನಲ್ಲಿ ಮತ್ತೆ 210 ಕಿ.ಮೀ. ಎಲ್ಲ ಸೇರಿ ಒಂದು ದಿನಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಸಮುದ್ರಯಾನವೇ ನಿಮ್ಮ ಆಸೆಯಾಗಿದ್ದರೆ ಕ್ಯಾಬಿನ್ ಕಾದಿರಿಸಿ ಹೋಗಿಬನ್ನಿ. ವಾರದೊಳಗೆ ಎರಡೂ ದೇಶ ನೋಡಿ ಮುಗಿಸಬೇಕೆಂದಿದ್ದರೆ ವಿಮಾನವೇ ಸರಿ.