ವಾಂಖೆಡೆಯಲ್ಲಿ ಚಪ್ಪಾಳೆ ಯಾರಿಗೆ?

ಪ್ರಶ್ನೆ: ನಮ್ಮದು ಕುಂದಾಪುರ ಕಡೆಯ ಕುಟುಂಬ. ಮೂರು ತಲೆಮಾರಿನಿಂದ ಡೊಂಬಿವಲಿಯಲ್ಲಿದ್ದೇವೆ. ನನ್ನ ತಂಗಿಯ ಮಗ ಆಕ್ಲೆಂಡ್‌ನಲ್ಲಿ ಹುಟ್ಟಿ ಬೆಳೆದವನು, ಅಲ್ಲಿನ ಪಾಸ್‌ಪೋರ್ಟ್ ಉಳ್ಳವನು, ಶಾಲಾ ತಂಡದಲ್ಲಿ ಎಡಗೈ ಸ್ಪಿನ್ ಬೌಲರ್. 2024ರ ದೀಪಾವಳಿಗೆ ಬಂದಿದ್ದಾಗ ಅವನನ್ನು ಮುಂಬಯಿಯ ವಾಂಖೆಡೆ ಮೈದಾನದ ಭಾರತ–ನ್ಯೂಜಿಲೆಂಡ್ ಟೆಸ್ಟಿಗೆ ಕರೆದೊಯ್ದಿದ್ದೆವು. ನ್ಯೂಜಿಲೆಂಡ್‌ನ ಸ್ಪಿನ್ನರ್ ಎಜಾಜ್ ಪಟೇಲ್ ವಿಕೆಟ್ ಪಡೆದಾಗಲೆಲ್ಲ ಅವನು ಎದ್ದು ಚಪ್ಪಾಳೆ ತಟ್ಟಿದ. "ಉಂಡ ಮನೆಯ ಜಂತೆ ಎಣಿಸುವವನಿಗೆ ಚಪ್ಪಾಳೆಯೇ?" ಎಂದು ನನ್ನ ತಂದೆಯವರು ಇಂದಿಗೂ ನೊಂದುಕೊಳ್ಳುತ್ತಾರೆ. ಇಂಥ ಆಟಗಾರರ ನಿಷ್ಠೆ ಯಾವ ದೇಶಕ್ಕೆ? ನಮ್ಮ ಹುಡುಗ ಮುಂದೆ ಭಾರತಕ್ಕೆ ಆಡಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ತಂದೆಯವರ ನೋವು ನನಗೆ ಅರ್ಥವಾಗುತ್ತದೆ. ಗೆಲ್ಲಲು ಕೇವಲ 147 ರನ್ ಬೇಕಿದ್ದ ಭಾರತ 121ಕ್ಕೆ ಕುಸಿದು 25 ರನ್‌ಗಳಿಂದ ಸೋತು, ತವರಿನಲ್ಲೇ ಸರಣಿಯನ್ನು 0–3ರಿಂದ ಕಳೆದುಕೊಂಡ ದಿನ ಅದು. ಆ ಇನಿಂಗ್ಸ್‌ನಲ್ಲಿ 57 ರನ್ನಿಗೆ 6 ವಿಕೆಟ್ ಕಿತ್ತವರು ಮುಂಬಯಿಯಲ್ಲೇ ಹುಟ್ಟಿದ ಎಜಾಜ್. ಆದರೆ ಹಿರಿಯರು ಬಳಸಿದ ಗಾದೆಯನ್ನೇ ಹಿಡಿದು ನೋಡೋಣ. ಎಜಾಜ್ ಮುಂಬಯಿ ಬಿಟ್ಟಾಗ ಅವರಿಗೆ ಎಂಟು ವರ್ಷ. ಕ್ರಿಕೆಟ್ ಕಲಿತದ್ದು, ಮೊದಲು ವೇಗದ ಬೌಲರ್ ಆಗಿದ್ದು, ಇಪ್ಪತ್ತು ದಾಟಿದ ಮೇಲೆ ಅದನ್ನು ಬಿಟ್ಟು ಸ್ಪಿನ್ನಿಗೆ ಹೊರಳಿ ಹೊಸದಾಗಿ ಕೈ ಪಳಗಿಸಿಕೊಂಡದ್ದು, ಎಲ್ಲವೂ ನ್ಯೂಜಿಲೆಂಡ್‌ನಲ್ಲೇ. ಬೌಲರ್ ಆಗಿ ಅವರು ಉಂಡ ಮನೆ ಅದು. ವಾಂಖೆಡೆಯಲ್ಲಿ ಅವರು ಕೈ ಸಡಿಲ ಬಿಟ್ಟು ಬೌಲ್ ಮಾಡಿದ್ದರೆ, ಜಂತೆ ಎಣಿಸಿದ ತಪ್ಪು ಅವರಿಗೆ ಆಗ ತಗಲುತ್ತಿತ್ತು.

ಹುಟ್ಟಿದೂರಿನ ನಂಟನ್ನು ಅವರು ಕಡಿದುಕೊಂಡೂ ಇಲ್ಲ. 2021ರ ಡಿಸೆಂಬರ್‌ನಲ್ಲಿ ಇದೇ ಮೈದಾನದಲ್ಲಿ ಅವರು ಒಂದೇ ಇನಿಂಗ್ಸ್‌ನಲ್ಲಿ 119 ರನ್ನಿಗೆ ಹತ್ತೂ ವಿಕೆಟ್ ಪಡೆದರು. ಟೆಸ್ಟ್ ಇತಿಹಾಸದಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಮತ್ತು ನಮ್ಮ ಅನಿಲ್ ಕುಂಬ್ಳೆ ಅವರನ್ನು ಬಿಟ್ಟರೆ ಬೇರೆ ಯಾರೂ ಮಾಡದ ಸಾಧನೆ ಅದು. ಆ ಪಂದ್ಯವನ್ನು ಭಾರತ 372 ರನ್‌ಗಳಿಂದ ಗೆದ್ದಿತು. ಬಳಿಕ ಆರ್. ಅಶ್ವಿನ್ ಅವರು ಭಾರತ ತಂಡದವರೆಲ್ಲ ಸಹಿ ಮಾಡಿದ ಅಂಗಿಯೊಂದನ್ನು ಎಜಾಜ್ ಕೈಗಿತ್ತರು. ಎದುರಿಗೆ ನಿಂತು ವಿಕೆಟ್ ಒಪ್ಪಿಸಿದವರೇ ಇದನ್ನು ದ್ರೋಹವೆಂದು ಎಣಿಸದಿರುವಾಗ, ಸ್ಟ್ಯಾಂಡಿನಲ್ಲಿ ಕುಳಿತ ನಾವು ಎಣಿಸುವುದು ನ್ಯಾಯವಲ್ಲ.

ನಿಷ್ಠೆಯನ್ನು ರಕ್ತದಲ್ಲಿ ಹುಡುಕಲು ಹೊರಟರೆ ಎಲ್ಲಿಗೆ ಮುಟ್ಟುತ್ತೇವೆ ಎಂಬುದಕ್ಕೆ 2014ರ ಸೆಪ್ಟೆಂಬರ್‌ನ ಒಂದು ಸಂಜೆ ಸಾಕು. ಬರ್ಮಿಂಗ್‌ಹ್ಯಾಮ್‌ನಲ್ಲೇ ಹುಟ್ಟಿದ ಮೊಯೀನ್ ಅಲಿ ಅದೇ ಊರಿನ ಎಜ್‌ಬಾಸ್ಟನ್ ಮೈದಾನದಲ್ಲಿ ಇಂಗ್ಲೆಂಡ್ ಪರ ಆಡುತ್ತಿದ್ದಾಗ, ಅವರ ಹಿರಿಯರ ಬೇರು ಪಾಕಿಸ್ತಾನದ್ದು ಎಂಬ ಒಂದೇ ಕಾರಣಕ್ಕೆ ಭಾರತದ ಬೆಂಬಲಿಗರು ಹೀಯಾಳಿಸಿ ಕೂಗಿದರು. ಭಾರತೀಯನಾಗಿ ಇಂದಿಗೂ ನನಗೆ ನಾಚಿಕೆ ತರಿಸುವ ಘಟನೆ ಅದು. ನಿಮ್ಮ ಹುಡುಗನಿಗೆ ನಾಳೆ ಆಕ್ಲೆಂಡ್‌ನಲ್ಲಿ ಯಾರಾದರೂ ಹಾಗೆ ಕೂಗಿದರೆ ಅಜ್ಜನ ಕರುಳು ಏನೆನ್ನುತ್ತದೆ?

ಮುಂಬಯಿ ಕನ್ನಡಿಗರಾದ ನಮಗೆ ಈ ಇಬ್ಬಂದಿ ಹೊಸದೇನೂ ಅಲ್ಲ. 2010ರ ಜನವರಿಯಲ್ಲಿ ಮೈಸೂರಿನಲ್ಲಿ ಕರ್ನಾಟಕ–ಮುಂಬಯಿ ರಣಜಿ ಫೈನಲ್ ನಡೆದಾಗ ನಾನು ಮಾಟುಂಗದ ಹೋಟೆಲೊಂದರ ಟಿವಿ ಮುಂದೆ ನಿಂತಿದ್ದೆ. 338ರ ಗುರಿಯ ಬೆನ್ನುಹತ್ತಿ ಮನೀಷ್ ಪಾಂಡೆ 144 ರನ್ ಹೊಡೆಯುತ್ತಿದ್ದಾಗ, ಗಲ್ಲಾದಲ್ಲಿದ್ದ ಉಡುಪಿ ಕಡೆಯ ಹಿರಿಯರು ಚಿಲ್ಲರೆ ಕೊಡುವುದನ್ನೇ ಮರೆತು ಎದ್ದು ನಿಂತಿದ್ದರು. ಕರ್ನಾಟಕ 6 ರನ್‌ಗಳಿಂದ ಸೋತಾಗ ಅವರು ಸುಮ್ಮನೆ ಕುಳಿತುಬಿಟ್ಟರು, ಪಕ್ಕದಲ್ಲಿದ್ದ ಅವರ ಮಗ ಕೇಕೆ ಹಾಕಿದ. ತಂದೆ ಮುಂಬಯಿಯ ಅನ್ನಕ್ಕೆ ಎರಡು ಬಗೆದರೆಂದಾಗಲಿ, ಮಗ ಕನ್ನಡವನ್ನು ಮರೆತನೆಂದಾಗಲಿ ಅಲ್ಲಿದ್ದ ಯಾರಿಗೂ ಅನ್ನಿಸಲಿಲ್ಲ.

ಇನ್ನು ನಿಯಮದ ಮಾತು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಮನಸ್ಸನ್ನು ಅಳೆಯುವುದಿಲ್ಲ. ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿನ ಪೌರತ್ವ ಇರಬೇಕು, ಇಲ್ಲವೇ 3 ವರ್ಷ ಅಲ್ಲಿ ವಾಸವಿರಬೇಕು, ಇವುಗಳಲ್ಲಿ ಒಂದಿದ್ದರೂ ಅದು ಒಪ್ಪುತ್ತದೆ. ಮುಂಬಯಿಗೆ ರಣಜಿ ಆಡಿ, 2010ರಲ್ಲಿ ಭಾರತದ ಪರ 19 ವರ್ಷದೊಳಗಿನವರ ವಿಶ್ವಕಪ್ ಆಡಿದ್ದ ಸೌರಭ್ ನೇತ್ರಾವಳ್ಕರ್, ಓದಲು ಅಮೆರಿಕಕ್ಕೆ ಹೋಗಿ ಅಲ್ಲೇ ನೆಲೆಸಿ, 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕದ ಪರ ಕೊಹ್ಲಿ ಮತ್ತು ರೋಹಿತ್ ಇಬ್ಬರನ್ನೂ ಔಟ್ ಮಾಡಿದ್ದು ಈ ದಾರಿಯಲ್ಲೇ. ಆದರೆ ಭಾರತದ ಬಾಗಿಲು ಇದಕ್ಕಿಂತ ಕಿರಿದು. ನಮ್ಮ ಕಾನೂನು ಎರಡು ಪೌರತ್ವವನ್ನು ಒಪ್ಪುವುದಿಲ್ಲ, ದೇಶವನ್ನು ಪ್ರತಿನಿಧಿಸಲು ಭಾರತದ ಪಾಸ್‌ಪೋರ್ಟ್ ಬೇಕು, ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಪೌರತ್ವವಲ್ಲ. ನಿಮ್ಮ ಸೋದರಳಿಯ ಭಾರತಕ್ಕೆ ಆಡಬೇಕಾದರೆ ಮೊದಲು ನ್ಯೂಜಿಲೆಂಡ್ ಪೌರತ್ವವನ್ನು ಬಿಟ್ಟು ಬರಬೇಕಾಗುತ್ತದೆ. ಹದಿಹರೆಯದ ಹುಡುಗನ ಮೇಲೆ ಆ ತೀರ್ಮಾನವನ್ನು ಈಗಲೇ ಹೇರಬೇಡಿ.

ಮುಂದಿನ ಸಲ ಅವನು ಬಂದಾಗ ಅಜ್ಜನನ್ನೂ ಜೊತೆಗಿಟ್ಟುಕೊಂಡು ಆಜಾದ್ ಮೈದಾನಕ್ಕೆ ಹೋಗಿ. ಚೆಂಡು ತಿರುಗುವ ನಮ್ಮ ಪಿಚ್ಚಿನ ಮೇಲೆ ಹುಡುಗ ಒಂದು ಗಂಟೆ ಬೌಲ್ ಮಾಡಲಿ, ಅಜ್ಜ ಅಂಪೈರ್ ಜಾಗದಲ್ಲಿ ನಿಂತು ನೋಡಲಿ.