ಯಜಮಾನರ ಹಳೇ ಬೂಟು ಬೇಡ, ನಿಮ್ಮ ಅಳತೆಯದ್ದೇ ತಗೊಳ್ಳಿ

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಸಾಗರದ ಹತ್ತಿರ ಮಾವನವರ ಮನೆಗೆ ಬಂದಿದ್ದೇವೆ. ಎರಡು ಎಕರೆ ಅಡಿಕೆ ತೋಟ, ಒಂದು ಜರ್ಸಿ ಹಸು, ಎರಡು ಮಲೆನಾಡು ಗಿಡ್ಡ ಇವೆ. ಕೊಟ್ಟಿಗೆ, ಹುಲ್ಲು, ಸೊಪ್ಪು ಎಲ್ಲ ನನ್ನ ಪಾಲಿನ ಕೆಲಸ. ಸದ್ಯ ಯಜಮಾನರ ಹಳೇ ಗಮ್‌ಬೂಟಿಗೆ ಎರಡು ಜೊತೆ ಸಾಕ್ಸ್ ಹಾಕಿಕೊಂಡು ಓಡಾಡುತ್ತೇನೆ. ಸಂಜೆ ಹೊತ್ತಿಗೆ ಹಿಮ್ಮಡಿ ಸುಲಿದಿರುತ್ತದೆ. ವರ್ಷವಿಡೀ ಎಲ್ಲ ಕೆಲಸಕ್ಕೂ ಆಗುವ, ಬಾಳಿಕೆ ಬರುವ ಒಂದೇ ಬೂಟು ಇದೆಯಾ ಅಕ್ಕಾ?
— ಓದುಗರು, ಸಾಗರ ತಾಲೂಕು

ಉತ್ತರ: ಆ ಬೂಟನ್ನು ಇವತ್ತೇ ಯಜಮಾನರಿಗೆ ವಾಪಸ್ ಕೊಟ್ಟುಬಿಡಿ. ದೊಡ್ಡ ಬೂಟಿನಲ್ಲಿ ಪ್ರತಿ ಹೆಜ್ಜೆಗೂ ಹಿಮ್ಮಡಿ ಮೇಲೆದ್ದು ಕೆಳಗೆ ಉಜ್ಜುತ್ತದೆ. ಎಷ್ಟು ಸಾಕ್ಸ್ ಹಾಕಿದರೂ ಅದು ನಿಲ್ಲುವುದಿಲ್ಲ. ಅದಕ್ಕಿಂತ ನನಗೆ ಭಯ ಸಂಕ, ಅಂದರೆ ಕಾಲುವೆ ಮೇಲಿನ ಕಾಲುಸೇತುವೆ, ದಾಟುವಾಗ. ಬೂಟು ಒಂದು ಕಡೆ ನಿಂತು, ಒಳಗೆ ಕಾಲು ಇನ್ನೊಂದು ಕಡೆ ಹೊರಳಿದರೆ ನೇರ ಕೆಳಗಿನ ಕಾಲುವೆಗೆ ಬೀಳುತ್ತೀರಿ.

ನಮ್ಮ ಕಡೆ ಕೊಟ್ಟಿಗೆ ಕೆಲಸ ಹೆಚ್ಚಾಗಿ ಮಾಡುವುದು ಹೆಂಗಸರು. ಆದರೆ ಎಷ್ಟೋ ಅಂಗಡಿಗಳಲ್ಲಿ ಗಮ್‌ಬೂಟು ಶುರುವಾಗುವುದೇ 6ನೇ ನಂಬರಿನಿಂದ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. 4, 5ನೇ ನಂಬರಿನವೂ ತಯಾರಾಗುತ್ತವೆ, ತರಿಸಿಕೊಡಿ ಅಂತ ಗಟ್ಟಿಯಾಗಿ ಕೇಳಿ. ಅಕ್ಕಪಕ್ಕದ ಮನೆಯವರನ್ನೂ ಸೇರಿಸಿಕೊಂಡು ಕೇಳಿದರೆ ಅಂಗಡಿಯವರು ತರಿಸುತ್ತಾರೆ. ನೋಡಲು ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಕೆಲಸಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಬೆರಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಅಂಗಡಿಯಲ್ಲೇ ಕುಕ್ಕರಗಾಲಲ್ಲಿ ಕೂತು ಏಳಿ. ಹಾಲು ಕರೆಯುವಾಗ ಹಾಗೆ ತಾನೇ ಕೂರುವುದು?

ಎಲ್ಲದಕ್ಕೂ ಒಂದೇ ಬೂಟು ಅಂತ ಮಾತ್ರ ಹುಡುಕಬೇಡಿ. ಒದ್ದೆ ಕೆಲಸದ ಬೂಟೇ ಬೇರೆ, ಒಣ ಕೆಲಸದ್ದೇ ಬೇರೆ. ದುಡ್ಡು ಒಂದಕ್ಕೇ ಇದೆ ಅಂದರೆ ಗಮ್‌ಬೂಟು ತಗೊಳ್ಳಿ. ಚರ್ಮದ ಬೂಟು ಸಗಣಿ, ಗಂಜಲದಲ್ಲಿ ದಿನಾ ನೆನೆದರೆ ಹೊಲಿಗೆ ಬಿಡುತ್ತದೆ, ಚರ್ಮವೂ ಕೊಳೆಯುತ್ತದೆ. ಮಳೆಗಾಲದಲ್ಲಿ ಅದು ಒಣಗುವುದೂ ಇಲ್ಲ.

ಗಮ್‌ಬೂಟಿನಲ್ಲಿ ರಬ್ಬರಿನದು, ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನದು ಅಂತ ಎರಡು ಬಗೆ. ರಬ್ಬರು ಮೆತ್ತಗೆ, ಪಾಚಿ ಮೇಲೆ ಹಿಡಿತ ಜಾಸ್ತಿ. ತೂತಾದರೆ ಸೈಕಲ್ ಟ್ಯೂಬಿನ ತೇಪೆ, ಸಲ್ಯೂಷನ್ ಹಾಕಿ ಮನೆಯಲ್ಲೇ ಸರಿ ಮಾಡಬಹುದು. ಆದರೆ ಡೀಸೆಲ್, ಸೀಮೆಎಣ್ಣೆ ತಾಗಿದರೆ ಉಬ್ಬುತ್ತದೆ. ತಾಮ್ರವೂ ರಬ್ಬರಿಗೆ ಶತ್ರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ತಾಮ್ರದ್ದೇ ಅಲ್ವಾ? ಅದು ಮೆತ್ತಿಕೊಂಡು ಉಳಿದರೆ ರಬ್ಬರು ಬೇಗ ಬಿರುಕು ಬಿಡುತ್ತದೆ. ಬೋರ್ಡೋ ಕಲಸುವವರು ನೀವೇ ಆದರೆ ಪಿವಿಸಿ ತಗೊಳ್ಳಿ. ಬೆಲೆಯೂ ಕಡಿಮೆ. ಚಳಿಯಲ್ಲಿ ಸ್ವಲ್ಪ ಬಿರುಸಾಗುತ್ತದೆ, ಪಾದ ಮಡಚುವ ಜಾಗದಲ್ಲಿ ಸೀಳುತ್ತದೆ, ಅಷ್ಟೇ.

ಒಳಗೆ ಬಟ್ಟೆಯ ಲೈನಿಂಗ್ ಇರುವುದು ಬೇಡವೇ ಬೇಡ. ಅಂಗಡಿಯಲ್ಲಿ ಹಾಕಿ ನೋಡಿದಾಗ ಹಿತವಾಗಿರುತ್ತದೆ. ಒಂದು ಸಲ ನೀರು ಹೋದರೆ ಆಷಾಢ ಮುಗಿದರೂ ಒಣಗುವುದಿಲ್ಲ, ಬೂಸ್ಟು ಹಿಡಿದು ಬೆರಳ ಸಂದಿ ಕೊಳೆಯುತ್ತದೆ. ಒಳಗೆ ನುಣ್ಣಗಿರಲಿ, ಕೆಳಗಿನ ಮೆತ್ತೆ ತೆಗೆದು ಒಗೆಯುವಂತಿರಲಿ. ಅಟ್ಟೆಯ ಹಲ್ಲುಗಳು ಆಳವಾಗಿ, ದೂರ ದೂರ ಇರಬೇಕು. ಹತ್ತಿರ ಇದ್ದರೆ ಕೆಸರು ತುಂಬಿ ಜಾರುತ್ತದೆ. ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಸಂಕದ ಮೇಲೆ ಮಾತ್ರ ಯಾವ ಅಟ್ಟೆಯನ್ನೂ ನಂಬಬೇಡಿ. ಅಡ್ಡಡ್ಡ ಪಟ್ಟಿ ಹೊಡೆಸಿ.

ಎತ್ತರ ಮೊಣಕಾಲಿನ ಕೆಳಗಿನವರೆಗೂ ಬರಲಿ. ಹಾವು ಕಚ್ಚುವುದು ಹೆಚ್ಚಾಗಿ ಪಾದಕ್ಕೆ, ಕಣಕಾಲಿಗೆ. ಹುಲ್ಲಿನಲ್ಲಿ ಕೊಳಕುಮಂಡಲ ಮಲಗಿದ್ದರೆ ಕಾಣುವುದೇ ಇಲ್ಲ. ಕಾಲಿಗೆ ಗಾಯ ಇದ್ದಾಗ ಇಲಿ ಓಡಾಡಿದ ನೀರಿಗೆ ಇಳಿದರೆ ಇಲಿಜ್ವರದ ಭಯ, ಅದಕ್ಕೂ ಬೂಟು ತಡೆ. ಉಂಬಳ (ಜಿಗಣೆ) ಮಾತ್ರ ಬೂಟು ಹತ್ತಿ ಮೇಲಿನಿಂದ ಒಳಗೆ ಇಳಿಯುತ್ತದೆ. ಒತ್ತಾದ ನೇಯ್ಗೆಯ ಉದ್ದ ಸಾಕ್ಸಿನೊಳಗೆ ಪ್ಯಾಂಟು ಸೇರಿಸಿ, ಬೂಟಿನ ಬಾಯಿಗೆ ಉಪ್ಪು, ತಂಬಾಕು ಪುಡಿ ಕಲಸಿದ ಎಣ್ಣೆ ಸವರಿ. ಬೇಸಿಗೆಯಲ್ಲಿ ದರಗು (ತರಗೆಲೆ) ತರಲು ಕಾಡಿಗೆ ಹೋಗುವಾಗಲೂ ಬೂಟು ಬಿಡಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು (ಉಣ್ಣೆ ಹುಳು) ಇರುವುದು ಆ ತರಗೆಲೆಯಲ್ಲೇ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನೂ ಹಚ್ಚಿಕೊಳ್ಳಿ.

ಗಿಡ್ಡ ತುಳಿದರೆ ನೋವು, ಜರ್ಸಿ ತುಳಿದರೆ ಬೆರಳಿನ ಮೂಳೆಯೇ ಹೋಗಬಹುದು. ಆದ್ದರಿಂದ ಮುಂದೆ ಉಕ್ಕಿನ ಟೋಪಿ ಇರುವ ಗಮ್‌ಬೂಟು ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ. ಮುಂದೆ ಕಳೆ ಕೊಚ್ಚುವ ಮಷಿನ್ ಹಿಡಿಯುವುದಾದರೆ, ಸೌದೆ ಒಡೆಯುವುದಾದರೆ ಚರ್ಮದ ಸೇಫ್ಟಿ ಶೂ ಬೇಕು. ಐಎಸ್‌ಐ ಗುರುತಿನ ಜೊತೆ ಐಎಸ್ 15298 ಅಂತ ಇದೆಯಾ ನೋಡಿ.

ರಾತ್ರಿ ಬೂಟು ತೊಳೆದು, ನೆಟ್ಟ ಎರಡು ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿ. ಬಿಸಿಲಿಗೆ, ಬಚ್ಚಲೊಲೆಯ ಹತ್ತಿರ ಇಡಬೇಡಿ. ಬೆಳಿಗ್ಗೆ ಕಾಲು ತೂರಿಸುವ ಮೊದಲು ಕೊಡವಲೇಬೇಕು. ಚೇಳು, ಜರಿ ಒಳಗೆ ಸೇರಿಕೊಂಡಿರುತ್ತವೆ.

ಪ್ರಶ್ನೆ: ಒಳ್ಳೇ ಚರ್ಮದ ಸೇಫ್ಟಿ ಶೂ ಕೊಂಡು, ಹಾಳಾಗಬಾರದು ಅಂತ ಅಟ್ಟದಲ್ಲಿ ಇಟ್ಟಿದ್ದೆ. ಕೆಲವು ವರ್ಷದ ಮೇಲೆ ಹಾಕಿದರೆ ಅಟ್ಟೆ ಪುಡಿಪುಡಿಯಾಗಿ ಉದುರಿತು. ಮೋಸ ಹೋದೆನಾ?
— ಓದುಗರು, ಕೊಪ್ಪ

ಉತ್ತರ: ಮೋಸ ಅನ್ನಲಾರೆ ಅಣ್ಣಾ. ಅಂಥ ಹಗುರ ಅಟ್ಟೆ ಹೆಚ್ಚಾಗಿ ಪಾಲಿಯುರಿಥೇನ್‌ನದ್ದು. ಗಾಳಿಯ ತೇವಕ್ಕೆ ಅದು ಒಳಗಿಂದೊಳಗೇ ಸಡಿಲವಾಗುತ್ತಾ ಹೋಗುತ್ತದೆ, ಹಾಕದೆ ಸುಮ್ನೆ ಇಟ್ಟರೂ ಅಷ್ಟೇ. ನಮ್ಮ ಮಲೆನಾಡಿನ ಅಟ್ಟ ಅದಕ್ಕೆ ಕೆಟ್ಟ ಜಾಗ. ಮೇಲಿನ ಚರ್ಮ ಗಟ್ಟಿ ಇದ್ದರೆ ರಬ್ಬರ್ ಅಟ್ಟೆ ಕೂರಿಸಲು ಆಗುತ್ತದಾ ಅಂತ ಚಪ್ಪಲಿ ರಿಪೇರಿಯವರಿಗೆ ತೋರಿಸಿ. ಹೊಸದು ತಗೊಳ್ಳುವುದಾದರೆ ರಬ್ಬರ್ ಅಟ್ಟೆಯದ್ದನ್ನು ಕೇಳಿ, ತಯಾರಾದ ವರ್ಷ ಓದಿಕೊಂಡು ಕೊಳ್ಳಿ. ಅಂಗಡಿಯ ಗೋದಾಮಿನಲ್ಲೇ ಹಳತಾದ ಮಾಲು ಬೇಡ.